ಅರವತ್ತು ಸೆಕೆಂಡು

'ಕಾಂಬ್ಯಾಟ್ ಮಿಷನ್: ಶಾಕ್ ಫೋರ್ಸ್ 2' ಅನ್ನೋ ಕಂಪ್ಯೂಟರ್ ಯುದ್ಧದಾಟ ಶುರು ಮಾಡಿದ ರಾತ್ರಿ, ಹತ್ತು ಸೈನಿಕರನ್ನು ಬಯಲಲ್ಲಿ ಒಟ್ಟಿಗೇ ಓಡಿಸಿದೆ. ಸರದಿ ಲೆಕ್ಕದಲ್ಲಿ ಆಡಿದರೆ, ಆರ್ಡರ್ ಕೊಟ್ಟ ಮೇಲೆ 60 ಸೆಕೆಂಡು ಸುಮ್ಮನೆ ನೋಡಬೇಕು. ಕಂಟ್ರೋಲ್-ಝಡ್ ಇಲ್ಲ. ಏಳು ಜನ ಬಿದ್ದರು.

ಸಂತೆಮರಹಳ್ಳಿಯ ಜಗಲಿ ಮೇಲೆ ತಾತನ ಜೊತೆ ಆಡು-ಹುಲಿ ಆಡುವಾಗಲೂ ಹೀಗೇ ಸೋಲ್ತಿದ್ದೆ. "ಆಡಿನ ಹಿಂದ್ಲ ಮನೆ ಖಾಲಿ ಬುಡಬ್ಯಾಡ ಕಣ್ಲಾ" ಅನ್ನೋರು.

ಮತ್ತೆ ಶುರು ಮಾಡಿದೆ. ಅರ್ಧ ಜನ ಗೋಡೆ ಮರೆಯಿಂದ ಗುಂಡು ಹಾರಿಸ್ತಾ ಶತ್ರು ತಲೆ ಎತ್ತದಂತೆ ನೋಡಿಕೊಂಡರು. ಉಳಿದವರು ಮುಂದೆ ಹೋದರು. ಗೆದ್ದೆ!

ಸೈನ್ಯದಲ್ಲಿರೋ ಊರಿನ ಗೆಳೆಯನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ. ಅವನು ಕೇಳಿದ್ದು ಒಂದೇ: "ಎಷ್ಟ್ ಜನ ವಾಪಸ್ ಬಂದ್ರು?"

ನಾನು ಎಣಿಸಿರಲಿಲ್ಲ. ಈಗ ಆಟ ಮುಗಿದ ಕೂಡಲೇ ಮೊದಲು ಅದನ್ನೇ ನೋಡ್ತೀನಿ.