ಬಂಡೀಪುರದ ಬೆಂಕಿ ಹೊತ್ತಿದ್ದೆಲ್ಲಿ?

ಗುಂಡ್ಲುಪೇಟೆ ಕಡೆ ಕಾಡಿಗೆ ಬೆಂಕಿ ಬಿತ್ತೆಂದರೆ ಮೊದಲೆಲ್ಲ ಎರಡೇ ಕೆಲಸ: ಹಸಿ ಸೊಪ್ಪಿನಲ್ಲಿ ಬಡಿದು ಆರಿಸುವುದು, ಆಮೇಲೆ ಹಚ್ಚಿದವರು ಯಾರೆಂದು ಊಹಿಸುವುದು. ಒಮ್ಮೆ ದನ ಮೇಯಿಸುವವರು, ಇನ್ನೊಮ್ಮೆ ಇಲಾಖೆಯ ಮೇಲೆ ಸಿಟ್ಟಿದ್ದವರು, ಯಾರೂ ಸಿಗದಿದ್ದರೆ ಬಿದಿರಿಗೆ ಬಿದಿರು ಉಜ್ಜಿತೆಂಬ ಕಥೆ. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಗಿ ಬಂದಾಗಲೂ ಊರಿನ ಮಾತೆಲ್ಲ ‘ಯಾರು’ ಎಂಬುದರ ಸುತ್ತಲೇ. ‘ಎಲ್ಲಿ’ ಎಂದು ಮೊದಲು ಗೊತ್ತಾಗದೆ ‘ಯಾರು’ ಎನ್ನುವುದಕ್ಕೆ ಅರ್ಥವಿಲ್ಲ. ಈಗ ಉಪಗ್ರಹ ಬಿಸಿಯನ್ನು ಗುರುತಿಸಿದರೆ ಇಲಾಖೆಯವರ ಮೊಬೈಲಿಗೇ ಸಂದೇಶ ಬರುತ್ತದೆ. ಆದರೆ ಅದರ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಸುಮಾರು 375 ಮೀಟರ್ ಚೌಕ. ಅಲ್ಲಿಂದ ಮುಂದೆ ನಡೆದೇ ಹುಡುಕಬೇಕು.

ಹುಡುಕುವವನಿಗೆ ಬೂದಿಗಿಂತ ಕಲ್ಲು, ಹುಲ್ಲು ಹೆಚ್ಚು ಹೇಳುತ್ತವೆ. ಬೆಂಕಿ ಬಂದ ದಿಕ್ಕಿನ ಕಡೆ ಕಲ್ಲಿನ ಮೈ ಕಪ್ಪಾಗಿರುತ್ತದೆ, ಮರೆಯ ಬದಿ ಬಹುಪಾಲು ಹಾಗೇ ಉಳಿದಿರುತ್ತದೆ. ಗಾಳಿಗೆ ಎದುರಾಗಿ ನಿಧಾನಕ್ಕೆ ಹರಿದ ಬೆಂಕಿ ಹುಲ್ಲಿನ ಬುಡ ತಿನ್ನುವುದರಿಂದ ಕಡ್ಡಿ ಬೆಂಕಿ ಬಂದ ಕಡೆಗೇ ಬೀಳುತ್ತದೆ. ಇಂಥ ಗುರುತುಗಳನ್ನು ಒಂದೊಂದಾಗಿ ಹಿಂದಕ್ಕೆ ಹಿಡಿದು ಹೋದರೆ ಕೊನೆಗೆ ಕೆಲವೇ ಅಡಿಯ ಜಾಗ ಉಳಿಯುತ್ತದೆ. ಅದು ಹೆದ್ದಾರಿ ಪಕ್ಕದಲ್ಲಿದ್ದರೆ ಬೀಡಿ ತುಂಡಿನ ಅನುಮಾನ, ಒಳಗಿನ ಕಾಲುದಾರಿಯಲ್ಲಿದ್ದರೆ ಬೇರೆಯದೇ. ಒಣಗಿದ ಆನೆ ಲದ್ದಿಗೆ ಕಿಡಿ ತಾಗಿಸಿ ಹೋದರೆ ಅದು ಗಂಟೆಗಟ್ಟಲೆ ಒಳಗೊಳಗೇ ಸುಡುತ್ತಿರುತ್ತದೆ. ಜ್ವಾಲೆ ಏಳುವಷ್ಟರಲ್ಲಿ ಹಚ್ಚಿದವನು ಊರು ಸೇರಿರುತ್ತಾನೆ. ಬೆಂಕಿ ಕಂಡ ಹೊತ್ತಿನಲ್ಲಿ ಕಾಡಂಚಿನಲ್ಲಿದ್ದವನನ್ನೇ ಹಿಡಿಯುವ ಹಳೇ ಪದ್ಧತಿ ಇಲ್ಲೇ ಎಡವುತ್ತದೆ.

ಎಲ್ಲವನ್ನೂ ಪ್ರಯೋಗಾಲಯಕ್ಕೆ ಕಳಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಚಾಮರಾಜನಗರದ ಪೇಟೆಯಲ್ಲಿ ಅಂಗಡಿ ಸುಟ್ಟರೆ ಈ ಮಾತು ಸರಿ. ನೆಲದ ಸಂದಿಯ ಮಣ್ಣು, ಅರೆಸುಟ್ಟ ಬಟ್ಟೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಕಳಿಸಿದರೆ, ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಆವಿಯನ್ನು ಬೇರ್ಪಡಿಸಿ ಪೆಟ್ರೋಲೋ ಸೀಮೆಎಣ್ಣೆಯೋ ಹೇಳುತ್ತಾರೆ. (ಸಾಮಾನ್ಯ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಆವಿ ದಾರಿಯಲ್ಲೇ ಸೋರಿಹೋಗುತ್ತದೆ, ಎಷ್ಟೇ ದುಬಾರಿ ಯಂತ್ರವಿದ್ದರೂ ಪ್ರಯೋಜನವಿಲ್ಲ.) ಆದರೆ ಬೇಸಿಗೆಯ ಬಂಡೀಪುರದಲ್ಲಿ, ಲಂಟಾನ ಒಣಗಿ ನಿಂತಿರುವಾಗ, ಪೆಟ್ರೋಲ್ ಯಾರಿಗೆ ಬೇಕು? ಒಂದು ಬೆಂಕಿಕಡ್ಡಿ ಸಾಕು. ವರದಿಯಲ್ಲಿ ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಯಾರೂ ಹಚ್ಚಲಿಲ್ಲ ಎಂದಲ್ಲ.

ಜಾಗ ಸಿಕ್ಕರೂ ಹೆಸರು ಸಿಗುವುದಿಲ್ಲವಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಒಪ್ಪೋಣ. ಸಿಡಿಲು ಅಪರೂಪವಾದ ಫೆಬ್ರುವರಿಯಲ್ಲಿ ಬೆಂಕಿಯ ಹಿಂದೆ ಮನುಷ್ಯ ಇದ್ದೇ ಇರುತ್ತಾನೆ. ಅವನು ಬೇಕೆಂದೇ ಹಚ್ಚಿದನೋ, ಅಜಾಗರೂಕತೆಯೋ ಎನ್ನುವುದೇ ಪ್ರಶ್ನೆ. ಇದನ್ನು ಜಾಗವಷ್ಟೇ ತೀರ್ಮಾನಿಸದು, ಆದರೆ ತಪ್ಪು ಆರೋಪಗಳನ್ನು ಅದು ತಳ್ಳಿಹಾಕಬಲ್ಲದು. ಹಾಡಿಯ ಬಡವನೊಬ್ಬ ಅನುಮಾನದ ಮೇಲೆಯೇ ಠಾಣೆ ಸುತ್ತುವುದು ತಪ್ಪಿದರೆ ಅದೇನು ಸಣ್ಣ ಲಾಭವಲ್ಲ. ಹಾಗಾಗಿ ಬೆಂಕಿ ಆರಿಸಲು ಮೊದಲು ತಲುಪುವ ತಂಡಕ್ಕೆ ಬ್ಲೋವರ್ ಜತೆ ಒಂದು ಸುತ್ತು ಹಗ್ಗವನ್ನೂ ಕೊಡಿ. ಹೊತ್ತಿದ ಜಾಗ ಕಂಡರೆ ತುಳಿಯದೆ ಸುತ್ತಲೂ ಕಟ್ಟಿ ಮುಂದೆ ಹೋಗಲಿ.