‘ಮಗುಚೋದೇ ಬರ್ಲಿಲ್ಲ’ ಅಂದರು ಅತ್ತೆ

ಹಳೆಯ ಹಾಡಿನ ಪ್ಲೇಟುಗಳು ನಿಮ್ಮ ಮನೆಯ ಅಟ್ಟದಲ್ಲೂ ಇರಬಹುದು. ಗುಜರಿಯವನಿಗೆ ಕೊಡುವ ಮೊದಲು ಇದನ್ನೊಮ್ಮೆ ಓದಿ. ಹಾಡು ಒಂದೇ, ಹಾಡಿದವರೂ ಅವರೇ, ಕಂಪನಿಯೂ ಅದೇ. ಆದರೂ ಎರಡು ಪ್ಲೇಟುಗಳು ಒಂದೇ ಆಗಿರಬೇಕಿಲ್ಲ. ಇದನ್ನು ನನಗೆ ಕಲಿಸಿದವರು 84 ವರ್ಷದ ನಮ್ಮತ್ತೆ.

ನಮ್ಮೂರು ಕಡೂರು ತಾಲ್ಲೂಕಿನ ಸಿಂಗಟಗೆರೆ. ತೆಂಗು, ರಾಗಿ ನಂಬಿಕೊಂಡ ಬಯಲುಸೀಮೆಯ ಹೋಬಳಿ. ನಮ್ಮ ಮಾವನವರು ಮದುವೆ, ಜಾತ್ರೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಕ್ಯಾಸೆಟ್ ಬಂದಾಗಿತ್ತು. ಪ್ಲೇಟುಗಳು ಕಬ್ಬಿಣದ ಟ್ರಂಕ್ ಸೇರಿ ಅಟ್ಟ ಹತ್ತಿದ್ದವು.

ಎರಡು ವರ್ಷದ ಕೆಳಗೆ ಅತ್ತೆಗೆ ಮರೆವು ಶುರುವಾಯಿತು. ಬೆಳಿಗ್ಗೆ ತಿಂದ ರೊಟ್ಟಿ ನೆನಪಿರುವುದಿಲ್ಲ, ಮೊಮ್ಮಗನನ್ನು ಮಗನ ಹೆಸರಿಂದ ಕರೆಯುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಮೈದುನ ತಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂದರು. ಅತ್ತೆ ‘ನಾನೊಲ್ಲೆ’ ಅಂದರು. ಆ ಮಾತು ಯಾರ ಲೆಕ್ಕಕ್ಕೂ ಬರಲಿಲ್ಲ. ‘ಅಮ್ಮಂಗೆ ಈಗ ಏನು ತಿಳಿಯುತ್ತೆ’ ಎಂದು ಅಣ್ಣತಮ್ಮಂದಿರು ಫೋನಿನಲ್ಲೇ ತೀರ್ಮಾನ ಮಾಡಿಕೊಂಡರು.

ಅದೇ ದಿನಗಳಲ್ಲಿ ನನ್ನ ಮಗ ಅಜ್ಜಿಗೆ ಖುಷಿಯಾಗಲಿ ಅಂತ ಫೋನಿನಲ್ಲಿ ಹಳೆಯ ಪೌರಾಣಿಕ ಚಿತ್ರವೊಂದರ ಭಕ್ತಿಗೀತೆ ಹಾಕಿದ. ಅತ್ತೆ ಜೊತೆಯಲ್ಲೇ ಗುನುಗಿದರು. ಅರ್ಧಕ್ಕೆ ಬಂದಾಗ ಬಾಯಿ ನಿಂತಿತು, ಬಲಗೈ ಗಾಳಿಯಲ್ಲಿ ಏನನ್ನೋ ತಿರುವಿತು. ಹಾಡು ಮಾತ್ರ ಓಡುತ್ತಲೇ ಇತ್ತು. ‘ಇದು ನಮ್ಮ ಪ್ಲೇಟಲ್ಲ ಕಣವ್ವ. ಮಗುಚೋದೇ ಬರ್ಲಿಲ್ಲ. ಒಂದು ನುಡಿನೂ ನುಂಗ್‌ಬಿಟ್ಟವ್ರೆ’ ಅಂದರು. ಮನೆಯವರು ನನ್ನ ಮುಖ ನೋಡಿ ‘ಕೇಳಿದ್ಯಾ?’ ಅಂದರು. ಅವರಿಗೆ ಅದು ಮರೆವಿನ ಇನ್ನೊಂದು ಗುರುತು. ನನಗೆ ಹಾಗನ್ನಿಸಲಿಲ್ಲ. ಮರೆತವರು ತಡವರಿಸುತ್ತಾರೆ. ಅತ್ತೆ ತಡವರಿಸಿರಲಿಲ್ಲ, ಸರಿಯಾಗಿ ಒಂದು ಜಾಗದಲ್ಲಿ ನಿಂತಿದ್ದರು.

ಟ್ರಂಕ್ ಇಳಿಸಿದೆವು. ಪ್ಲೇಟುಗಳನ್ನು ಒರೆಸಿ ಜೋಡಿಸುತ್ತಾ ನಾನು ಕಲಿತದ್ದನ್ನು ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲು ಕೈಯಲ್ಲಿ ಹಿಡಿದು ನೋಡಿ. ಭಾರವಾಗಿ, ಬೆರಳಿಂದ ತಟ್ಟಿದರೆ ಹಂಚಿನ ಹಾಗೆ ಸದ್ದು ಬಂದರೆ ಅದು ನಿಮಿಷಕ್ಕೆ 78 ಸುತ್ತಿನ ಪ್ಲೇಟು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡಿದ್ದು, ಬಿದ್ದರೆ ಬಳೆಯ ಹಾಗೆ ಒಡೆಯುತ್ತದೆ. ಹಗುರವಾಗಿ, ಸ್ವಲ್ಪ ಬಾಗುವಂತಿದ್ದರೆ ವಿನೈಲ್. ಅದರಲ್ಲಿ 7 ಇಂಚಿನ ಚಿಕ್ಕವು ಸಾಮಾನ್ಯವಾಗಿ 45 ಸುತ್ತಿನ ಇ.ಪಿ.ಗಳು, 12 ಇಂಚಿನ ದೊಡ್ಡವು ಎಲ್.ಪಿ.ಗಳು. ಕೀ ಕೊಡುವ ಪೆಟ್ಟಿಗೆಯ ಉಕ್ಕಿನ ಮುಳ್ಳನ್ನು ವಿನೈಲ್ ಮೇಲೆ ಇಡಲೇಬೇಡಿ, ಗೀರು ಹರಿದುಹೋಗುತ್ತದೆ.

ಆಮೇಲೆ ಲೇಬಲ್. ನಾಯಿ ಮಾರ್ಕಿನ ಹೆಚ್.ಎಂ.ವಿ., ಕೊಲಂಬಿಯಾ, ಓಡಿಯನ್ ಇವೆಲ್ಲ ನಮ್ಮ ಟ್ರಂಕಿನಲ್ಲಿವೆ. ಲೇಬಲ್ ಮೇಲಿರುವುದು ಅಂಗಡಿಯವರು ಪ್ಲೇಟು ತರಿಸಲು ಬಳಸುತ್ತಿದ್ದ ನಂಬರು. ಅಸಲಿ ಗುರುತು ಇರುವುದು ಹಾಡು ಮುಗಿದ ಮೇಲೆ ಲೇಬಲ್ಲಿಗೆ ಮುಂಚೆ ಬರುವ ಬರಿದಾದ ಸುತ್ತಿನಲ್ಲಿ. ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಒತ್ತಿದ ಅಥವಾ ಗೀಚಿದ ಅಕ್ಷರ, ಅಂಕಿಗಳು ಕಾಣುತ್ತವೆ. ಅದು ಧ್ವನಿಮುದ್ರಣದ ನಂಬರು. ಲೇಬಲ್ ಹಾಗೇ ಇದ್ದು ಈ ನಂಬರು ಬದಲಾಗಿದ್ದರೆ ಹಾಡನ್ನು ಮತ್ತೆ ಹಾಡಿಸಿರಬಹುದು, ಇಲ್ಲವೇ ಅಚ್ಚನ್ನು ಹೊಸದಾಗಿ ಕೊರೆದಿರಬಹುದು.

ಹೊರದೇಶಗಳಲ್ಲಿ ಇದು ದೊಡ್ಡ ವಿದ್ಯೆಯೇ ಆಗಿದೆ. 1960ರ ದಶಕದ ಅಮೆರಿಕದ ಸೋಲ್ ಹಾಡುಗಳ ಚಿಕ್ಕ ಪ್ಲೇಟುಗಳನ್ನು ಕೂಡಿಡುವವರು ಭೂತಗನ್ನಡಿ ಹಿಡಿದು ಈ ಅಂಕಿಗಳನ್ನೇ ಓದುತ್ತಾರೆ. ಎಷ್ಟೋ ಹಾಡುಗಳು ಚಿಕ್ಕ ಪ್ಲೇಟಿನ ಮೋನೋದಲ್ಲಿ ಒಂದು ಥರ, ಎಲ್.ಪಿ.ಯ ಸ್ಟೀರಿಯೋದಲ್ಲಿ ಇನ್ನೊಂದು ಥರ ಕೇಳುತ್ತವಂತೆ.

ಗುರುತಿನ ಈ ಚಿಂತೆ ನಮ್ಮ ದೇಶದಲ್ಲಿ ಮೊದಲಿನಿಂದಲೂ ಇದೆ. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ ಪ್ಲೇಟು ಒತ್ತುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ನಮ್ಮ ಭಾಷೆ ತಿಳಿಯದು. ಲೇಬಲ್ ತಪ್ಪಬಾರದೆಂದು ಹಾಡಿನ ಕೊನೆಗೆ ಆಕೆಯೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆಕೆ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ.

ಈಗ ಅತ್ತೆಯ ಹಾಡಿಗೆ ಬರೋಣ. 10 ಇಂಚಿನ 78ರ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುವುದು ಹೆಚ್ಚುಕಡಿಮೆ ಮೂರರಿಂದ ಮೂರೂವರೆ ನಿಮಿಷ. ಉದ್ದದ ಹಾಡಾದರೆ ಕತ್ತರಿಸಬೇಕು, ಇಲ್ಲವೇ ಎರಡೂ ಮಗ್ಗುಲಿಗೆ ಹಂಚಬೇಕು. ಟ್ರಂಕಿನ ತಳದಲ್ಲಿ ಆ ಪ್ಲೇಟು ಸಿಕ್ಕಿತು. ಒಂದು ಮಗ್ಗುಲಲ್ಲಿ ‘ಭಾಗ 1’, ಇನ್ನೊಂದರಲ್ಲಿ ‘ಭಾಗ 2’. ಅದೇ ಹಾಡಿನ ಇ.ಪಿ.ಯೂ ಸಿಕ್ಕಿತು. ಅದರಲ್ಲಿ ನಾಲ್ಕು ಹಾಡು ತುಂಬಿಸಿದ್ದರು.

ನನ್ನ ತಂಗಿಯ ಮಗ 78 ಸುತ್ತೂ ಇರುವ ಪ್ಲೇಯರ್ ತಂದುಕೊಟ್ಟ. ಭಾನುವಾರ ಎಲ್ಲರೂ ಕೂತು ಮೂರನ್ನೂ ಕೇಳಿದೆವು. ಫೋನಿನದೂ ಇ.ಪಿ.ಯದೂ ಒಂದೇ, ಎಲ್ಲೂ ನಿಲ್ಲುವುದಿಲ್ಲ. 78ರಲ್ಲಿ ಭಾಗ 1 ಮುಗಿದದ್ದು ಅತ್ತೆ ಬಾಯಿ ನಿಲ್ಲಿಸಿದ ಜಾಗದಲ್ಲೇ. ಮಗುಚಿ ಹಾಕಿದರೆ ಕೊಳಲಿನ ಹಿಂದೆ ಒಂದು ನುಡಿ ಬಂತು. ಉಳಿದೆರಡರಲ್ಲಿ ಆ ನುಡಿಯೇ ಇಲ್ಲ.

ಆಮೇಲೆ ಅತ್ತೆ ತಾವಾಗಿಯೇ ಹೇಳಿದರು. ಬಾಡಿಗೆಗೆ ಹೋಗುವ ಹಿಂದಿನ ರಾತ್ರಿ ಮಾವ ಪ್ಲೇಟುಗಳನ್ನೆಲ್ಲ ಮನೆಯಲ್ಲಿ ಹಾಕಿ ನೋಡುತ್ತಿದ್ದರಂತೆ. ಪೆಟ್ಟಿಗೆಗೆ ಕೀ ಕೊಡುವುದು, ಮುಳ್ಳು ಬದಲಿಸುವುದು, ಪ್ಲೇಟು ಮಗುಚುವುದು 18 ವರ್ಷದ ಹೊಸ ಸೊಸೆಯ ಕೆಲಸ. ‘ರೊಟ್ಟಿ ಮಗುಚೋಕಿಂತ ಮುಂಚೆ ನಿಮ್ಮಾವ ಇದನ್ನ ಕಲಿಸಿದ್ರು’ ಅಂದರು. ನಮ್ಮ ಮನೆಯವರು ಏಳದೆ ಅಲ್ಲೇ ಕೂತಿದ್ದರು. ಅಪ್ಪ ಅಮ್ಮ ಒಟ್ಟಿಗೆ ಕೂತು ಹಾಡು ಕೇಳುತ್ತಿದ್ದ ಸಂಗತಿ ಅವರಿಗೂ ಹೊಸದು.

ಪ್ಲೇಟಿನಿಂದ ಮರೆವು ವಾಸಿಯಾಯಿತು ಅಂತ ನಾನು ಬರೆಯುವುದಿಲ್ಲ. ಚಿಕ್ಕಮಗಳೂರಿನ ಡಾಕ್ಟರ ಹತ್ತಿರ ಹೋಗಿ ಬಂದೆವು, ಮಾತ್ರೆ ನಡೆಯುತ್ತಿದೆ. ಬೆಳಿಗ್ಗೆಯ ರೊಟ್ಟಿ ಈಗಲೂ ಮರೆಯುತ್ತದೆ. ಆದರೆ ಆ ಭಾನುವಾರದ ರಾತ್ರಿ ನಮ್ಮ ಮನೆಯವರು ತಮ್ಮನಿಗೆ ಫೋನ್ ಮಾಡಿ, ‘ಇರು, ಅಮ್ಮನ್ನೇ ಕೇಳೋಣ’ ಅಂದರು. ಫೋನನ್ನು ಅತ್ತೆಯ ಕೈಗೆ ಕೊಟ್ಟರು. ‘ಹಬ್ಬಕ್ಕೆ ಬಂದು ನಾಕು ದಿನ ಇದ್ದು ಹೋಗ್ತೀನಪ್ಪ. ಇರೋದು ಇಲ್ಲೇ’ ಅಂದರು ಅತ್ತೆ. ಮೈದುನ ಎದುರಾಡಲಿಲ್ಲ.

ನಿಮ್ಮ ಮನೆಯಲ್ಲಿ ಪ್ಲೇಟುಗಳಿದ್ದರೆ ಒಂದು ನೋಟ್‌ಬುಕ್ ಮಾಡಿ. ಕಂಪನಿ, ಲೇಬಲ್ ನಂಬರು, ಒಳಸುತ್ತಿನ ನಂಬರು, ಯಾವ ಮಗ್ಗುಲು ಎಂದು ಗೆರೆ ಹಾಕಿಕೊಳ್ಳಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ. ನಾನು ಐದನೆಯ ಸಾಲೊಂದನ್ನು ಸೇರಿಸಿದ್ದೇನೆ: ‘ಅತ್ತೆ ಹೇಳಿದ್ದು’. 63 ಪ್ಲೇಟುಗಳಲ್ಲಿ 41ರ ಎದುರು ಬರೆದಾಗಿದೆ. ಉಳಿದವನ್ನು ದಿನಕ್ಕೊಂದರಂತೆ, ಸಂಜೆ ದೀಪ ಹಚ್ಚಿದ ಮೇಲೆ ಹಾಕುತ್ತಿದ್ದೇವೆ. ಮಗುಚುವ ಕೆಲಸ ಅತ್ತೆಯದೇ.