ನೋಟ್‌ಬುಕ್ಕಿನಲ್ಲಿ ಉಳಿದ ಒಂದು ವಿಕೆಟ್

ನಮ್ಮದು ರಿಜಿಸ್ಟರ್ ಆದ ಕ್ಲಬ್ ಅಲ್ಲ. ಸೀಲ್ ಇಲ್ಲ, ಲೆಟರ್‌ಹೆಡ್ ಇಲ್ಲ, ಬ್ಯಾಂಕ್ ಅಕೌಂಟಂತೂ ಇಲ್ಲವೇ ಇಲ್ಲ. ಟೂರ್ನಮೆಂಟಿನ ಎಂಟ್ರಿ ಫೀಸಿಗೆ ಯಾರು ಜಾಸ್ತಿ ದುಡ್ಡು ಹಾಕ್ತಾರೋ, ಆ ಸಲ ಅವರ ಏರಿಯಾದ ಹೆಸರೇ ಟೀಮಿನ ಹೆಸರು. ಆದರೂ ನಮಗೊಂದು ಇತಿಹಾಸ ಇದೆ. ಅದು ಇರೋದು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ.

ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕಾಲೇಜಿಗೆ ಬರುವ ಗುಂಪು ನಮ್ಮದು. ನಮ್ಮೂರು ಕಾರ್ಖಾನೆಗಳ ಊರು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ. ಇವುಗಳ ಸುತ್ತ ನ್ಯೂಟೌನ್, ಪೇಪರ್ ಟೌನ್ ಬೆಳೆದವು. ನಮ್ಮ ಅಪ್ಪಂದಿರು ಶಿಫ್ಟ್ ಮುಗಿಸಿ ಬಂದು ಆಡುತ್ತಿದ್ದ ಬಯಲಲ್ಲೇ ನಾವೂ ಬ್ಯಾಟ್ ಹಿಡಿದಿದ್ದು. ಅವರ ಜೊತೆ ಆಡಿದ್ದ ಅಂಕಲ್ ಒಬ್ಬರು ರಿಟೈರ್ ಆದ ಮೇಲೂ ಬೌಂಡರಿ ಗೆರೆ ಪಕ್ಕ ಕುರ್ಚಿ ಹಾಕ್ಕೊಂಡು ನಮ್ಮ ಸ್ಕೋರ್ ಬರೆಯುತ್ತಿದ್ದರು. ನೋಟ್‌ಬುಕ್ ಅವರದ್ದು.

ಅದರಲ್ಲಿರುವ ಒಂದು ಮ್ಯಾಚಿನ ಬಗ್ಗೆ ಹೇಳಬೇಕು.

ನಾವು ಸೆಕೆಂಡ್ ಇಯರ್‌ನಲ್ಲಿದ್ದಾಗ ಶಿವಮೊಗ್ಗದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಫೈನಲ್. ಎಂಟು ಓವರಿನ ಆಟ. ಎದುರಾಳಿಗಳಿಗೆ ಮೂರು ಬಾಲಿಗೆ ಐದು ರನ್ ಬೇಕು. ಕ್ರೀಸಿನಲ್ಲಿ ಅವರ ಸೆಟ್ ಆದ ಬ್ಯಾಟ್ಸ್‌ಮನ್. ಅವನ ಬ್ಯಾಟಿನ ಅಂಚಿಗೆ ತಾಗಿದ ಬಾಲನ್ನು ನಮ್ಮ ಕೀಪರ್ ಡೈವ್ ಹೊಡೆದು ಹಿಡಿದ. ನಾವೆಲ್ಲ ಕೂಗಿದೆವು. ಅಂಪೈರ್ ಬೆರಳೆತ್ತಿದರು. ಬಾಲು ನೆಲಕ್ಕೆ ಬಡಿದು ಗ್ಲೌಸಿಗೆ ಬಂದಿದ್ದು ಕೀಪರಿಗೆ ಗೊತ್ತಿತ್ತು. ಸ್ಲಿಪ್‌ನಲ್ಲಿದ್ದವನೂ ನೋಡಿದ್ದ. ಯಾರೂ ಬಾಯಿ ಬಿಡಲಿಲ್ಲ. ಆ ಬ್ಯಾಟ್ಸ್‌ಮನ್ ಒಂದು ಸಲ ನಮ್ಮ ಕಡೆ ನೋಡಿ, ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ಹೋದ. ನಾವು ಮೂರು ರನ್ನಿಂದ ಗೆದ್ದೆವು.

ಭಾನುವಾರ ಕಪ್ ತಗೊಂಡು ಅಂಕಲ್ ಮನೆಗೆ ಹೋದೆವು. ಕಾಫಿ ಕುಡೀತಾ ಯಾರೋ ಬಾಯಿ ತಪ್ಪಿ ನಿಜ ಹೇಳಿಬಿಟ್ಟ. ಅಂಕಲ್ ಬೈತಾರೆ ಅಂದುಕೊಂಡಿದ್ದೆವು. ಬೈಲಿಲ್ಲ. "ವಿಶ್ವನಾಥ್ ನಮ್ಮೂರಲ್ಲಿ ಹುಟ್ಟಿದ್ದು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ, 1980ರ ಬಾಂಬೆ ಟೆಸ್ಟ್ ಗೊತ್ತೇನ್ರೋ?" ಅಂದರು.

ಗೊತ್ತಿರಲಿಲ್ಲ. ಜಿ.ಆರ್. ವಿಶ್ವನಾಥ್ 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ್ದು, 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ ಎರಡನೇ ಇನಿಂಗ್ಸಿನಲ್ಲಿ 137 ಹೊಡೆದಿದ್ದು, 91 ಟೆಸ್ಟಿನಲ್ಲಿ 6080 ರನ್, ಇದೆಲ್ಲ ನಮಗೆ ಬಾಯಿಪಾಠ. ಅವರು ನಾಯಕರಾಗಿದ್ದು ಬರೀ ಎರಡೇ ಟೆಸ್ಟಿಗೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಎರಡನೆಯದು ಇಂಗ್ಲೆಂಡ್ ವಿರುದ್ಧದ ಗೋಲ್ಡನ್ ಜೂಬಿಲಿ ಟೆಸ್ಟ್. ಐದು ವಿಕೆಟ್ ಬಿದ್ದು ಇಂಗ್ಲೆಂಡ್ ಒದ್ದಾಡುತ್ತಿತ್ತು. ಬಾಬ್ ಟೇಲರ್‌ಗೆ ಕೀಪರ್ ಕ್ಯಾಚ್ ಅಂತ ಅಂಪೈರ್ ಔಟ್ ಕೊಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ಅನಿಸಿದ ವಿಶ್ವನಾಥ್, ಅಂಪೈರ್ ಹತ್ತಿರ ಮಾತಾಡಿ ಟೇಲರ್‌ನನ್ನು ವಾಪಸ್ ಕರೆಸಿದರು. ಟೇಲರ್, ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿದರು. ಭಾರತ ಹತ್ತು ವಿಕೆಟಿನಿಂದ ಸೋತಿತು.

"ಸೋತ್ರಲ್ಲ ಅಂಕಲ್?" ಅಂದ ನಮ್ಮ ಕೀಪರ್.

"ಹೌದಪ್ಪ, ಸೋತ್ವಿ. ಏನೀಗ?" ಅಂದವರು ನೋಟ್‌ಬುಕ್ ತೆಗೆದು ಪೆನ್ನನ್ನೂ ಮುಂದಿಟ್ಟರು. "ಏನು ಬರೀಬೇಕೋ ನೀವೇ ಬರೀರಿ."

ಆವತ್ತು ನಾವು ಬರೆದಿದ್ದು 'ಕ್ಯಾಚ್ ಕೀಪರ್' ಅಂತಲೇ. ಅಂಕಲ್ ಏನೂ ಅನ್ನಲಿಲ್ಲ.

ಕಾಗದದ ಕಾರ್ಖಾನೆ ನಿಂತ ಮೇಲೆ ಖಾಲಿಯಾಗುತ್ತಾ ಬಂದಿದ್ದ ಕ್ವಾರ್ಟರ್ಸ್‌ಗಳಲ್ಲಿ ಅಂಕಲ್ ಮನೆಯೂ ಹೋದ ವರ್ಷ ಖಾಲಿಯಾಯಿತು. ಮಗನ ಮನೆಗೆ ಬೆಂಗಳೂರಿಗೆ ಹೊರಡುವಾಗ ನೋಟ್‌ಬುಕ್ ನಮ್ಮ ಕೈಗೆ ಕೊಟ್ಟರು. ಬಸ್ಸಿನಲ್ಲಿ ಅದನ್ನು ತಿರುವಿ ಹಾಕುವಾಗಲೆಲ್ಲ ಆ ಪುಟ ಬಂದರೆ ಎಲ್ಲರೂ ಸುಮ್ಮನಾಗುತ್ತಿದ್ದೆವು. ಕಡೆಗೆ ಒಂದು ಸಂಜೆ ವಿಚಾರಿಸಿಕೊಂಡು ಆ ಬ್ಯಾಟ್ಸ್‌ಮನ್ ಕೆಲಸ ಮಾಡುವ ಮೊಬೈಲ್ ಅಂಗಡಿಗೆ ಹೋದೆವು. ಕೀಪರ್ ತಡವರಿಸುತ್ತಾ ವಿಷಯ ಹೇಳಿದ.

"ನಂಗೆ ಆವತ್ತೇ ಗೊತ್ತಿತ್ತು ಮಾರಾಯ," ಅಂದ ಅವನು. ಸ್ವಲ್ಪ ಹೊತ್ತು ಬಿಟ್ಟು, "ಅದೇ ನಂದು ಕೊನೇ ಮ್ಯಾಚು. ಆಮೇಲೆ ಕೆಲಸಕ್ಕೆ ಸೇರ್ಕೊಂಡೆ, ಭಾನುವಾರಾನೂ ರಜೆ ಇಲ್ಲ," ಅಂದ. ನಮ್ಮ ಹತ್ತಿರ ಮಾತಿರಲಿಲ್ಲ. ಚಹಾ ಅವನೇ ತರಿಸಿದ.

ಈ ಬೇಸಿಗೆಗೆ ನಮ್ಮ ಫೈನಲ್ ಇಯರ್ ಮುಗಿಯುತ್ತೆ. ಒಬ್ಬೊಬ್ಬರು ಒಂದೊಂದು ಊರಿಗೆ. ನೋಟ್‌ಬುಕ್ ಪೇಪರ್ ಟೌನಿನ ಹುಡುಗರ ಕೈಗೆ ಹೋಗುತ್ತೆ. 'ಕ್ಯಾಚ್ ಕೀಪರ್' ಅನ್ನೋದನ್ನು ನಾವು ಹೊಡೆದುಹಾಕಿಲ್ಲ. ಕೆಳಗೆ ಒಂದು ಸಾಲು ಸೇರಿಸಿದ್ದೇವೆ: 'ಬಾಲು ನೆಲಕ್ಕೆ ತಾಗಿತ್ತು. ನಮಗೆ ಗೊತ್ತಿತ್ತು.' ಹನ್ನೊಂದೂ ಜನ ಸೈನ್ ಹಾಕಿದ್ದೇವೆ.